ಸುಳ್ಳು ಓದುವ ವಕೀಲರು

ನಮ್ಮ ಸೀನಿಯರ್ ಅಷ್ಟು ಧಾರಾಳವಾಗಿ ಸುಳ್ಳು ಓದುವ ವಕೀಲರು ಇಡೀ ಕನಕಪುರದಲ್ಲೇ ಇಲ್ಲ. ಸುಳ್ಳು ಹೇಳುವವರು ಬೇಕಾದಷ್ಟು ಸಿಗಬಹುದು, ಆ ಮಾತು ಬೇರೆ. ಇವರು ಬ್ಯಾಂಕಿನ ಸಾಲಪತ್ರ ಕೈಯಲ್ಲಿ ಹಿಡಿದು, ಕನ್ನಡಕ ಏರಿಸಿ, ಅದರಲ್ಲಿ ಇಲ್ಲದ್ದನ್ನು ಗಂಭೀರವಾಗಿ ಓದುತ್ತಾರೆ!

ಲಾ ಮುಗಿಸಿ ಅವರಲ್ಲಿ ಜೂನಿಯರ್ ಆಗಿ ಸೇರಿದಾಗ ನನಗೆ ಕೋರ್ಟು, ಕರಿಕೋಟು, ಎದುರು ವಕೀಲರ ಬೆವರು ಎಂದೆಲ್ಲ ಕನಸು. ಸಿಕ್ಕಿದ್ದು ಸಾಲಪತ್ರಗಳ ಗುಡ್ಡೆ. ನಮ್ಮದು ಬ್ಯಾಂಕುಗಳಿಗೆ ಸಾಲದ ಕಾಗದ ಸಿದ್ಧಮಾಡಿಕೊಡುವ ಆಫೀಸು. ಕೋರ್ಟು ರಸ್ತೆಯಾಚೆಗೇ ಇದ್ದರೂ ನಾವು ಅತ್ತ ಹೋಗುವುದು ಕ್ಯಾಂಟೀನಿನ ಇಡ್ಲಿಗೆ ಮಾತ್ರ. "ಕೇಸೇ ಇಲ್ದಿದ್ಮೇಲೆ ಅದೆಂಥ ಲಾಯರಿಕೆ ಕಣೆ?" ಎಂದು ಅವ್ವ ಕೇಳುತ್ತಲೇ ಇದ್ದಳು.

ಸಹಿ ಹಾಕುವವರಿಗೆ ಪತ್ರವನ್ನು ಪೂರ್ತಿ, ಅವರ ಮಾತಿನಲ್ಲೇ, ಓದಿ ಹೇಳಬೇಕೆಂಬುದು ಸೀನಿಯರ್ ಅವರ ನೇಮ. ಜನವೋ, ಅಜ್ಜಿ ಕತೆ ಕೇಳುವ ಹಾಗೆ ಹೂಂಗುಟ್ಟುತ್ತಾರೆ. ಹೂಂ ಮೇಲೆ ಹೂಂ ಬಿತ್ತೋ, ಇವರು ಸುಳ್ಳು ಸೇರಿಸಲು ಶುರು! ಹಸು ಕೊಳ್ಳಲು ಸಾಲ ಕೇಳಿ ಬಂದಿದ್ದ ಸಾತನೂರಿನ ಯಜಮಾನರೊಬ್ಬರಿಗೆ ಹೀಗೆ ಓದಿದರು: "ಸಾಲ ತೀರೋಗಂಟ ಮ್ಯಾನೇಜರ್ ಸಾಹೇಬ್ರಿಗೆ ದಿನಾ ಮುದ್ದೆ, ಬಸ್ಸಾರು ಕಳಿಸ್ತಕ್ಕದ್ದು."

"ಹೂಂ ಸ್ವಾಮಿ."

"ಭಾನುವಾರ ಕೋಳಿ."

"ಹೂಂ. ನಾಟೀನೇ ಕಳಿಸ್ತೀವಿ ಬುಡಿ."

ಏನು ಓದಿದರೂ ಹೂಂ ಅನ್ನುತ್ತಾರೆಂದು ಗೊತ್ತಾಯಿತಲ್ಲ, ಮತ್ತೆ ಮೊದಲಿನಿಂದ ಓದು! ಪಕ್ಕದಲ್ಲಿದ್ದ ಬ್ಯಾಂಕ್ ಮ್ಯಾನೇಜರು ತಲೆ ಹಿಡಿದುಕೊಂಡರು. ಊಟದ ಹೊತ್ತು ಮೀರಿತೆಂದೋ, ಕೋಳಿ ತಪ್ಪಿತೆಂದೋ, ನಾನು ಕೇಳಲಿಲ್ಲ.

ಅಂಥ ಆಫೀಸಿಗೆ ಒಂದು ದಿನ ನಮ್ಮವ್ವನೇ ತನ್ನ ಅಣ್ಣನ ಜೊತೆ ಬಂದಳು. ಆ ಅಣ್ಣ, ಅಂದರೆ ಅಕ್ಕೂರಿನ ನನ್ನ ಮಾವ, ರೇಷ್ಮೆ ನೂಲು ತೆಗೆಯುವ ಮಿಷನ್ನಿಗೆ ಸಾಲ ಕೇಳಿದ್ದ. ಜಾಮೀನಿಗೆ ನಮ್ಮ ಮನೆ. ತೀರಿಹೋದ ಅಪ್ಪ ನಮಗೆ ಉಳಿಸಿದ್ದು ಅದೊಂದೇ. ಮಾವ ಕಟ್ಟದಿದ್ದರೆ ಮನೆ ಹರಾಜಾಗುತ್ತದೆ ಎಂದು ನಾನು ವಾರವಿಡೀ ಬಡಕೊಂಡಿದ್ದೆ. "ಒಡಹುಟ್ಟಿದೋನು ಕೇಳ್ದಾಗ ಇಲ್ಲ ಅನ್ನಕಾಯ್ತದಾ? ಸುಮ್ಕೆ ಉಣ್ಣು" ಎಂದಿದ್ದಳು ಅವ್ವ.

ಸೀನಿಯರ್ ಓದತೊಡಗಿದರು. ಅವ್ವ ಹೂಂ ಅಂದಳು, ಮಾವನೂ ಹೂಂ ಅಂದ. ಸೀನಿಯರ್ ನನ್ನತ್ತ ಓರೆಗಣ್ಣಿನಲ್ಲಿ ನೋಡಿ ಮುಂದುವರಿಸಿದರು: "ಸಾಲ ತೀರೋಗಂಟ ಜಾಮೀನು ಕೊಟ್ಟೋರ ಮಗಳು ಮದ್ವೆ ಆಗಂಗಿಲ್ಲ."

ಅವ್ವನ ಹೂಂ ಗಂಟಲಲ್ಲೇ ನಿಂತಿತು. "ಅದ್ಯಾಕ್ ಸ್ವಾಮಿ? ನಮ್ ಮಗೀಗೂ ಇವ್ನ ಮಿಷನ್ಗೂ ಏನ್ ಸಂಬಂಧ?"

"ಅದು ಸುಳ್ಳು ತಾಯಿ, ನಾನೇ ಸೇರಿಸ್ದೆ. ಈಗ ಓದೋದು ನಿಜ, ಒಸಿ ಕಿವಿಗೊಟ್ಟು ಕೇಳಿ," ಎಂದು ಅವರು ಹಿಂದಿನ ಪುಟಕ್ಕೆ ಹೋದರು. "ನಿಮ್ಮಣ್ಣ ಸಾಲ ಕಟ್ದೆ ಹೋದ್ರೆ ಬ್ಯಾಂಕ್ನೋರು ನಿಮ್ಮನೆ ಹರಾಜ್ ಹಾಕ್ತಾರೆ. ನೀವೂ ನಿಮ್ ಮಗ್ಳೂ ಮನೆ ಬುಟ್ಟು ಈಚೆ ಬರ್ಬೇಕು."

ನನ್ನ ಒಂದು ವಾರದ ಮಾತು ಅದೇ! ಅವ್ವ ಅದನ್ನು ಆಗಷ್ಟೇ ಮೊದಲ ಸಲ ಕೇಳಿದಳು. ಆಮೇಲೆ ಅಣ್ಣನ ಮುಖ ನೋಡಿ, ಪೆನ್ನು ಎತ್ತಿಕೊಂಡಳು. ಅವಳಿಗೆ ಇಲ್ಲ ಅನ್ನಲು ಬರುವುದಿಲ್ಲ.

ಪೆನ್ನು ಕಿತ್ತುಕೊಂಡವನು ಮಾವ. "ನಾನೂ ಕೇಳಿಸ್ಕೊಳ್ದೆ ಹೂಂ ಅಂತಿದ್ದೆ ಕಣವ್ವ," ಅಂದ. "ನನ್ ಮಿಷನ್ ಓಡ್ದಿದ್ರೆ ನೀವಿಬ್ರೂ ಬೀದೀಗ್ ಬತ್ತೀರಿ ಅಂತ ನಂಗೊತ್ತಿರ್ನಿಲ್ಲ. ಎದ್ದೇಳು, ಹೋಗವ."

ಅವ್ವ ಏಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, "ಇನ್ನೂ ಏನೇನ್ ಬರ್ದವ್ರೆ, ಪೂರ್ತಿ ಓದ್ಬುಡಿ ಸ್ವಾಮಿ" ಅಂದಳು.

ಸೀನಿಯರ್ ಕಾಗದವನ್ನು ನನ್ನ ಕೈಗಿಟ್ಟು, ತಮ್ಮ ಕುರ್ಚಿ ಬಿಟ್ಟು ಎದ್ದರು. "ಕೂತ್ಕೊಂಡು ನೀನ್ ಓದು ಮಗ. ಇವತ್ತು ಅವ್ರು ಕೇಳ್ತಾರೆ."

ನಾನು ಅಳುತ್ತಲೇ ಓದಿದೆ. ಅವ್ವ ನನ್ನ ಬಾಯನ್ನೇ ನೋಡುತ್ತ ಕೂತಿದ್ದಳು.