ನಾಳೆಯದನ್ನು ಇಂದೇ ಬರೆಯುವ ಮಾಮಾ

ನಮ್ಮ ಮಾಮಾ, ಅಂದರೆ ನನ್ನ ತಾಯಿಯ ಅಣ್ಣ, ತಮ್ಮ ಬ್ಲಾಗಿನಲ್ಲಿ ಈವರೆಗೆ ಒಂದೂ ಸುಳ್ಳು ಬರೆದವರಲ್ಲ. ಈ ಮಾತನ್ನು ನಾನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ. ಅವರು ಬರೆಯುವ ಹೊತ್ತಿಗೆ ಆ ಸಂಗತಿಗಳು ಇನ್ನೂ ನಡೆದಿರುವುದಿಲ್ಲ, ಅಷ್ಟೆ!

ಮಾಮಾ ಜಹೀರಾಬಾದಿನ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವರು. ಮುಂಜಾನೆ ಕಪ್ಪು ಹಲಗೆಯ ಮೇಲೆ ಬಸ್ಸುಗಳ ಹೊತ್ತು ಬರೆಯುವುದು ಅವರ ಕೆಲಸ. ಮೊದಲು ಹಲಗೆಯ ಮೇಲೆ ಬರೆಯಬೇಕು, ಆಮೇಲೆ ಬಸ್ಸು ಹೊರಡಬೇಕು. ಹೊರಡಲಿಲ್ಲವೆಂದರೆ ತಪ್ಪು ಯಾರದು? ಬಸ್ಸಿನದು. ಹಲಗೆಯದು ಹೇಗಾದೀತು? ಹೀಗೆ ಅರ್ಧ ಆಯುಷ್ಯ ಬದುಕಿದ ಮನುಷ್ಯ ನಿವೃತ್ತನಾಗಿ ಬ್ಲಾಗು ತೆರೆದರೆ ಇನ್ನೇನು ಮಾಡುತ್ತಾನೆ?

ನಮ್ಮ ಕಡೆ ಶಾಲೆ ತೆಲುಗಿನದು, ಪೇಟೆ ಉರ್ದುವಿನದು, ಮನೆಯ ಜಗಳ ಮಾತ್ರ ಕನ್ನಡದ್ದು. ಜಗಳವಲ್ಲದ್ದೂ ಒಂದಷ್ಟು ಕನ್ನಡದಲ್ಲಿ ಇರಲಿ ಎಂದು ಮಾಮಾ ಬ್ಲಾಗು ಶುರುಮಾಡಿದರು. ಅವರು ಕನ್ನಡ ಅಕ್ಷರ ಕಲಿತದ್ದು ಬೀದರಿನಿಂದ ಬರುವ ಬಸ್ಸುಗಳ ಬೋರ್ಡು ಓದಿ ಓದಿ. ಮನೆಯ ಸುದ್ದಿ, ಮಕ್ಕಳ ಸುದ್ದಿ, ಬುದ್ಧ ವಿಹಾರದಲ್ಲಿ ಭಾನುವಾರ ನಡೆಯುವ ವಂದನೆ, ಎಲ್ಲ ಅದರಲ್ಲಿ ಬರುತ್ತದೆ. ಮಾಮಾ ಹರೆಯದಲ್ಲೇ ದೀಕ್ಷೆ ತೆಗೆದುಕೊಂಡು ಬೌದ್ಧರಾದವರು. ಪಂಚಶೀಲದಲ್ಲಿ ನಾಲ್ಕನೆಯದು ಸುಳ್ಳು ಹೇಳಬಾರದು ಎಂಬುದು. ಎಲ್ಲ ತೊಂದರೆಯೂ ಅಲ್ಲಿಂದಲೇ!

ಏಕೆಂದರೆ ಪಸ್ತಾಪುರದ ಆಚೆಗಿರುವ ಅವರ ಊರಿನಲ್ಲಿ ನೆಟ್ ಸಿಗ್ನಲ್ ಬಂದರೆ ಬಂತು, ಇಲ್ಲವೆಂದರೆ ಇಲ್ಲ. ವಾರಕ್ಕೊಮ್ಮೆ ಜಹೀರಾಬಾದಿಗೆ ಹೋಗಿ, ತಮ್ಮ ಹಳೆಯ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತು, ಇಡೀ ವಾರದ ಬರಹಗಳನ್ನು ಒಮ್ಮೆಗೇ ಬರೆದು, ಒಂದೊಂದಕ್ಕೂ ದಿನ ಮತ್ತು ಹೊತ್ತು ಗೊತ್ತುಮಾಡಿ ಬರುತ್ತಾರೆ. ಆ ಹೊತ್ತಿಗೆ ಸರಿಯಾಗಿ ಬರಹ ತಾನಾಗಿಯೇ ಲೋಕಕ್ಕೆ ಕಾಣುತ್ತದೆ. ಕಂಡ ಮೇಲೆ ಅದು ನಿಜವಾಗಲೇಬೇಕು. ಇಲ್ಲವಾದರೆ ಶೀಲ ಕೆಡುತ್ತದಲ್ಲ!

ಒಂದು ಹುಣ್ಣಿಮೆಯ ದಿನ, "ನಮ್ಮ ಮನೆಯಾಕೆ ನಗುನಗುತ್ತ ಖೀರು ಮಾಡಿದಳು" ಎಂಬ ಬರಹ ಪ್ರಕಟವಾಯಿತು. ಮಾಮಾನ ಹೆಂಡತಿ, ಅಂದರೆ ನಮ್ಮ ಅತ್ತಿ, ಓದಲು ಬಾರದವರು. ಪ್ರಕಟವಾದದ್ದನ್ನು ಮಾಮಾನೇ ಅವರಿಗೆ ಓದಿ ಹೇಳುವುದು ರೂಢಿ. ಆಗ ಅತ್ತಿ ಅಂಗಳದಲ್ಲಿ ಖಾರ ಕುಟ್ಟುತ್ತ ಕುಳಿತಿದ್ದರು. ಕಣ್ಣು, ಮೂಗು ಎರಡೂ ಸುರಿಯುತ್ತಿದ್ದವು.

"ಮನ್ಯಾಗ ಹಾಲೇ ಇಲ್ಲ. ಯಾರ್ನ ಕೇಳಿ ಬರ್ದ್ರಿ?" ಎಂದು ಅತ್ತಿ ಕೇಳಿದರು.

"ಮಂದಿ ಓದ್ಯಾರ. ಈಗ ಏನ್ ಮಾಡಾಕ ಬರ್ತದ?"

ಅತ್ತಿ ಒನಕೆ ಗೋಡೆಗೆ ಆನಿಸಿ ಎದ್ದರು. "ಹಾಲು ತರ್ರಿ, ಖೀರು ಮಾಡ್ತೀನಿ. ನಗೂದು ಮಾತ್ರ ನೀವೇ ನಗ್ರಿ!"

ಮಾಮಾ ಒಲೆಯ ಪಕ್ಕ ಕುಳಿತು, ಖೀರು ಆಗುವವರೆಗೆ ನಿಜವಾಗಿಯೂ ನಕ್ಕರು. ಅದನ್ನು ನೋಡಿ ಕೊನೆಗೆ ಅತ್ತಿಗೂ ನಗು ಬಂತು. ಶೀಲ ಉಳಿಯಿತು.

ನನ್ನ ಪಾಡು ಕೇಳಿ. ನಾನಿರುವುದು ತಾಂಡೂರಿನಲ್ಲಿ. ಒಂದು ಬೆಳಿಗ್ಗೆ ಬಟ್ಟೆ ಒಗೆಯುತ್ತಿದ್ದಾಗ ಮಾಮಾನ ಫೋನು ಬಂತು.

"ಎಲ್ಲಿದ್ದಿ ಅವ್ವ?"

"ಮನ್ಯಾಗೇ ಇದ್ದೀನಿ ಮಾಮಾ, ತಾಂಡೂರದಾಗ."

"ಇನ್ನಾ ಅಲ್ಲೇ ಇದ್ದಿ? ನೀ ಆಗಲೇ ಇಲ್ಲಿಗಿ ಬಂದಿ! ನಿಮ್ಮತ್ತಿ ಕೈಯಾಗಿನ ರೊಟ್ಟಿ, ಪುಂಡಿಪಲ್ಯ ಉಂಡಿ, ಭಾಳ ಖುಷಿ ಸುದ್ದ ಆಗೀದಿ. ಜಲ್ದಿ ಬಾ!"

ನನ್ನ ಗಂಡ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. "ನೀ ಅಲ್ಲಿಗಿ ಹೋಗಿದ್ರ ಈ ಬಟ್ಟಿ ಯಾರ್ ಒಗಿಲಾಕತ್ಯಾರ?" ಎಂದು ಗಂಭೀರವಾಗಿ ಕೇಳಿದರು. ನಾನು ಬಸ್ಸು ಹತ್ತಿದೆ. ಊಟಕ್ಕೆ ಕುಳಿತಾಗ ಒಂದು ವಿಷಯ ತಿಳಿಯಿತು: ನಾನು ಎರಡು ರೊಟ್ಟಿ ಉಂಡೆ ಎಂದು ಬರಹದಲ್ಲಿತ್ತು. ಮೂರನೆಯದಕ್ಕೆ ಕೈ ಚಾಚಿದಾಗ ಮಾಮಾ ಮೆಲ್ಲಗೆ ಕೆಮ್ಮಿದರು!

ಇಷ್ಟು ಕೇಳಿ ಇವರಿಗೆ ತಲೆ ಸರಿಯಿಲ್ಲವೆಂದು ನೀವು ತೀರ್ಮಾನಿಸಬಹುದು. ನಾನೂ ತೀರ್ಮಾನಿಸಿದ್ದೆ. ಆದರೆ ನಾರಾಯಣಖೇಡದ ಸಣ್ಣ ಮಾಮಾನ ಸಂಗತಿಯನ್ನೂ ಹೇಳಬೇಕು.

ಮಾಮಾ ದೀಕ್ಷೆ ತೆಗೆದುಕೊಂಡಾಗ ದೇವರ ಜಗಲಿಯ ಮೇಲಿನ ಎಲ್ಲಮ್ಮನನ್ನು ತೆಗೆಯುವ ಮಾತು ಬಂತು. ಆಗ ಅವರ ತಮ್ಮ ದೇವಿಯನ್ನು ಪಂಚೆಯಲ್ಲಿ ಸುತ್ತಿಕೊಂಡು ನಾರಾಯಣಖೇಡಕ್ಕೆ ಹೋದವರು, ಮತ್ತೆ ಅಣ್ಣನ ಹೊಸ್ತಿಲು ತುಳಿದಿರಲಿಲ್ಲ. ಬಳಗದ ಮದುವೆಗಳಲ್ಲಿ ಎದುರಾದರೂ ಮುಖ ತಿರುಗಿಸುತ್ತಿದ್ದರು. ಒಂದು ದಿನ ಬ್ಲಾಗಿನಲ್ಲಿ ಹೀಗಿತ್ತು: "ಇಂದು ನನ್ನ ತಮ್ಮ ನಮ್ಮ ಮನೆಗೆ ಬಂದ. ಇಬ್ಬರೂ ಕೂಡಿ ಚಹಾ ಕುಡಿದೆವು."

ಸಣ್ಣ ಮಾಮಾ ಬಸ್ಸು ಹಿಡಿದು ಬಂದರು. ಜಗಳಕ್ಕೆ! ಮನೆಯೊಳಗೆ ನುಗ್ಗಿ, ಓಣಿಗೆಲ್ಲ ಕೇಳುವಂತೆ ಕೂಗಿದರು. "ಏನ್ ಬರ್ದಿ ಅದು? ನಾ ಯಾವಾಗ ಬಂದಿದ್ನಿ ನಿನ್ನ ಮನಿಗಿ?"

"ಈಗ" ಎಂದರು ಮಾಮಾ.

ಅಷ್ಟರಲ್ಲಿ ಅತ್ತಿ ಎರಡು ಕಪ್ ಚಹಾ ತಂದು ನಡುವೆ ಇಟ್ಟರು. ಆರಿ ತಣ್ಣಗಾಗುವವರೆಗೂ ಇಬ್ಬರೂ ಮುಟ್ಟಲಿಲ್ಲ. ಕೊನೆಗೆ ಕುಡಿದರು. ಎಲ್ಲಮ್ಮನ ಮಾತನ್ನು ಯಾರೂ ಎತ್ತಲಿಲ್ಲ. ಅಂದಿನಿಂದ ಸಣ್ಣ ಮಾಮಾ ಬರಹವಿಲ್ಲದೆಯೂ ಬಂದುಹೋಗುತ್ತಾರೆ.

ಮುಂದಿನದನ್ನು ಕಂಡಷ್ಟೇ ಬರೆಯುತ್ತೇನೆ. ಹೋದ ಮಳೆಗಾಲದಲ್ಲಿ ನಾನು ಅವರ ಮನೆಯಲ್ಲಿದ್ದೆ. ಅತ್ತಿ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದರು. ತಟ್ಟುವ ಸದ್ದು ನಿಂತಿತು. ತಿರುಗಿ ನೋಡಿದರೆ ಅವರ ಬಲಗೈ ಹಿಟ್ಟಿನ ಮೇಲೆ ಸುಮ್ಮನೆ ಬಿದ್ದಿತ್ತು. ಅವರು ಅದನ್ನು ಬೇರೆ ಯಾರದೋ ಕೈ ಎಂಬಂತೆ ನೋಡುತ್ತಿದ್ದರು. ಏನೋ ಹೇಳಹೋದರು, ಬಾಯಿ ಒಂದು ಕಡೆಗೆ ಸರಿಯಿತು. ಲಕ್ವ ಹೊಡೆದಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಜೀವಕ್ಕೆ ಅಪಾಯವಿಲ್ಲ ಎಂದರು. ನಡೆಯುತ್ತಾರೆಯೇ ಎಂದು ಕೇಳಿದ್ದಕ್ಕೆ, ಈಗಲೇ ಹೇಳಲಾಗದು ಎಂದರು. ಹೊರಗೆ ಬೆಂಚಿನ ಮೇಲೆ ಮಾಮಾ ಒಂದೇ ಬೆರಳಿನಿಂದ ಫೋನು ಒತ್ತುತ್ತ ಕುಳಿತಿದ್ದರು. ಬಳಗಕ್ಕೆ ಸುದ್ದಿ ತಿಳಿಸುತ್ತಿದ್ದಾರೆ ಎಂದುಕೊಂಡು ಹತ್ತಿರ ಹೋದೆ. ಅವರು ಬರೆದದ್ದು ಬರುವ ಹುಣ್ಣಿಮೆಯ ಬರಹ: "ಇಂದು ನಮ್ಮ ಮನೆಯಾಕೆ ತನ್ನ ಕಾಲ ಮೇಲೆ ನಡೆದು ಮನೆಯೊಳಗೆ ಬಂದಳು."

ಆಸ್ಪತ್ರೆಯವರು ಮನೆಗೆ ಕಳಿಸಿದ್ದು ಅದೇ ಹುಣ್ಣಿಮೆಗೆ. ಅವರೇನು ಬ್ಲಾಗು ಓದುವವರಲ್ಲ! ಆಟೋ ಬಾಗಿಲ ಮುಂದೆ ನಿಲ್ಲುವ ಹೊತ್ತಿಗೆ ಬರಹ ಪ್ರಕಟವಾಗಿ, ಬಳಗದವರೆಲ್ಲ ಅದರ ಕೆಳಗೆ ಸಂತೋಷ ಬರೆದು ತಿಳಿಸಿದ್ದರು. ಅತ್ತಿಯ ಬಲಗಾಲು ಇನ್ನೂ ಹೇಳಿದಂತೆ ಕೇಳುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಮಂಚ ಹಿಡಿದು ನಿಂತಿದ್ದರಷ್ಟೇ, ನಡೆದಿರಲಿಲ್ಲ. ಸಣ್ಣ ಮಾಮಾ ಅವರನ್ನು ಕೂರಿಸಿ ಎತ್ತಿ ಒಯ್ಯಲು ಪ್ಲಾಸ್ಟಿಕ್ ಕುರ್ಚಿ ತಂದರು. ಕುರ್ಚಿ ನೋಡಿದ ಮಾಮಾ ತಮ್ಮ ಫೋನು ನನ್ನ ಕೈಗೆ ತುರುಕಿದರು.

"ತೆಗದ್ ಹಾಕು ಅವ್ವ ಅದನ್ನ. ನಂಗ ತೆಗಿಲಾಕ ಬರಾಂಗಿಲ್ಲ."

ನಿಜವೇ. ಅವರು ಎಂದೂ ಬರೆದದ್ದನ್ನು ತೆಗೆದವರಲ್ಲ.

"ಏನ್... ಬರ್ದಾರ?" ಆಟೋದೊಳಗಿನಿಂದ ಅತ್ತಿ ಕೇಳಿದರು. ಮಾತು ತೊದಲುತ್ತಿತ್ತು. ಮಾಮಾ ಗೋಡೆಯ ಕಡೆ ತಿರುಗಿದರು. ಆ ದಿನ ನಾನೇ ಓದಿ ಹೇಳಿದೆ.

ಅತ್ತಿ ಒಂದೊಂದೇ ಮಾತನ್ನು ಜೋಡಿಸಿ ಹೇಳಿದರು. "ತೆಗೀಬ್ಯಾಡ. ಈಟ್ ದಿನ ಅವ್ರು ಬರ್ದದ್ದು ಖರೇ ಮಾಡ್ದಾಕಿ ಯಾರು? ನಾನೇ ಅಲ್ಲೇನು? ಕುರ್ಚಿ ಅತ್ತ ಒಯ್ರಿ."

ಎಡಗೈಯಿಂದ ಆಟೋದ ಕಂಬಿ ಹಿಡಿದು ಕಾಲು ಕೆಳಗಿಟ್ಟರು. ಮಾಮಾ ಓಡಿಹೋಗಿ ಹೆಗಲು ಕೊಟ್ಟರು. ಬಲಗಾಲು ಮಣ್ಣಿನ ಮೇಲೆ ಗೆರೆ ಎಳೆಯುತ್ತ ಹಿಂದೆ ಬಂತು. ನಡುವೆ ಎರಡು ಸಲ ನಿಂತರು, ಉಸಿರು ತೆಗೆದುಕೊಂಡರು, ಮತ್ತೆ ಹೊರಟರು. ಸಣ್ಣ ಮಾಮಾ ಕುರ್ಚಿ ಹಿಡಿದು ಹಿಂದೆಯೇ ಬಂದರು. ಅದು ಬೇಕಾಗಲಿಲ್ಲ.

ಬಾಗಿಲಿಗೆ ಬರುವಷ್ಟರಲ್ಲಿ ಮಾಮಾನ ಕಣ್ಣುಗಳು ತುಂಬಿ ಹರಿಯುತ್ತಿದ್ದವು. ಅವರಿಗೆ ದಾರಿ ಕಾಣಿಸುತ್ತಿರಲಿಲ್ಲ ಎಂಬುದು ಅತ್ತಿಗೆ ಗೊತ್ತಾಯಿತು. ಅವರ ಹೆಗಲನ್ನು ಇನ್ನಷ್ಟು ಬಿಗಿಯಾಗಿ ಹಿಡಿದು ಮೆಲ್ಲಗೆ ಹೇಳಿದರು:

"ಹೊಸ್ತಲ ಅದ ರೀ. ಕಾಲ ನೋಡಿ ಇಡ್ರಿ."