ಟೋಕನ್ನಿನಲ್ಲಿ ಪಂಕ್ತಿಭೇದ

ನಮ್ಮತ್ತೆಯವರ ಉಪ್ಪಿನಕಾಯಿ ಜಾಡಿಯನ್ನು ಹದಿನೆಂಟು ವರ್ಷ ಕಾಪಾಡಿದವಳು ನಾನು. ಜಾಡಿಯನ್ನು ಯಾರು ನೋಡಬಹುದು, ಯಾರು ಮುಟ್ಟಬಹುದು, ಮಡಿಯಲ್ಲಿ ಯಾರು ಮುಚ್ಚಳ ತೆಗೆಯಬಹುದು, ಒದ್ದೆ ಸೌಟು ಹಿಡಿದು ಬಂದವರನ್ನು ಎಷ್ಟು ದೂರದಲ್ಲೇ ತಡೆಯಬೇಕು ಎಂಬುದೆಲ್ಲ ನನಗೆ ಕಂಠಪಾಠ. ಆದ್ದರಿಂದ ನಮ್ಮ ಭಜನಾ ಮಂಡಳಿಯ ಹಾಡುಗಳನ್ನು ಕ್ಲೌಡಿನಲ್ಲಿ ಇಟ್ಟು, ಯಾರಿಗೆ ಎಷ್ಟು ಅನುಮತಿ ಎಂದು ನೋಡಿಕೊಳ್ಳುವ ಹೊಣೆ ನನ್ನ ಪಾಲಿಗೆ ಬಂದಾಗ ನಾನು ಹೆದರಲಿಲ್ಲ. ದೇವರ ಮುಂದೆ ದೀಪ ಹಚ್ಚಿ, "ಇದೇನು ಮಹಾ!" ಎಂದುಕೊಂಡೆ.

ಮಹಾ ಆಗಿತ್ತು.

ನಮ್ಮ ಮಂಡಳಿ ಇರುವುದು ವಡಾಲದ ಹಳೇ ಬಿಲ್ಡಿಂಗಿನ ಎರಡನೇ ಮಾಳಿಗೆಯಲ್ಲಿ. ಅದನ್ನು ಶುರು ಮಾಡಿದವರು ಸುಂದರಮ್ಮ. ನಾನು ಮದುವೆಯಾಗಿ ತಿಪಟೂರಿನಿಂದ ಬಂದ ಹೊಸದರಲ್ಲಿ ನನಗೆ ಹಿಂದಿ ಬರುತ್ತಿರಲಿಲ್ಲ. ಕೆಳಗಿನ ನಲ್ಲಿಯ ಸಾಲಿನಲ್ಲಿ ನನ್ನ ಕೊಡವನ್ನು ದಿನವೂ ಯಾರಾದರೂ ಹಿಂದಕ್ಕೆ ತಳ್ಳುವರು. ಒಂದು ಬೆಳಿಗ್ಗೆ ಒಬ್ಬರು ಹೆಂಗಸು ಬಂದು, "ಇಸ್ಕಾ ಹಂಡಾ ಆಗೇ ರಖೋ" ಎಂದು ಎಲ್ಲರನ್ನೂ ಗದರಿ, ನನ್ನ ಕೊಡವನ್ನು ಮುಂದಕ್ಕಿಟ್ಟು, ನನ್ನ ಕಡೆ ತಿರುಗಿ, "ಯಾವೂರಮ್ಮ ನಿಂದು?" ಎಂದರು. ಕನ್ನಡ! ನಾನು ಕೊಡವನ್ನು ಅಲ್ಲೇ ಬಿಟ್ಟು ಅತ್ತುಬಿಟ್ಟೆ. "ಅಳೋದು ಆಮೇಲೆ. ಮೊದಲು ನೀರು ಹಿಡ್ಕೋ. ಗುರುವಾರ ಭಜನೆಗೆ ಬಾ" ಎಂದರು ಸುಂದರಮ್ಮ. ಅಂದಿನಿಂದ ಇಂದಿನವರೆಗೆ ಗುರುವಾರ ತಪ್ಪಿಸಿಲ್ಲ.

ಆ ಕಾಲದಲ್ಲಿ ಅನುಮತಿ ಎಂಬ ಪದವೇ ನಮಗೆ ಗೊತ್ತಿರಲಿಲ್ಲ. ಹಾರ್ಮೋನಿಯಂ, ತಾಳ, ದೀಪದ ಕಂಬ, ಎಲ್ಲವೂ ಒಂದು ಕಪಾಟಿನಲ್ಲಿ. ಕಪಾಟಿನ ಬೀಗದ ಕೈ ಎದುರು ಮನೆಯ ಜಲಜಕ್ಕನ ಬಾಗಿಲ ಪಕ್ಕದ ಮೊಳೆಗೆ ನೇತಾಡುತ್ತಿತ್ತು. ಯಾರು ಬೇಕಾದರೂ ತೆಗೆಯಬಹುದು. ಮೂವತ್ತು ವರ್ಷದಲ್ಲಿ ಒಂದು ತಾಳವೂ ಕಳೆದಿಲ್ಲ. ಒಮ್ಮೆ ಮಾತ್ರ ಒಂದು ಹೆಚ್ಚಾಗಿತ್ತು!

ಸುಂದರಮ್ಮನ ಹಾಡಿನ ಪುಸ್ತಕವೂ ಅಲ್ಲೇ ಇತ್ತು. ಕೆಂಪು ರಟ್ಟಿನ ದಪ್ಪ ಪುಸ್ತಕ. ಅವರ ತಾಯಿ ಹೇಳಿಕೊಟ್ಟದ್ದು, ಸಮುದ್ರದ ಕಡೆಯವರಿಂದ ಕಲಿತದ್ದು, ರೈಲಿನಲ್ಲಿ ಪಕ್ಕ ಕುಳಿತವರಿಂದ ಬರೆದುಕೊಂಡದ್ದು, ಎಲ್ಲ ಅದರಲ್ಲಿ. ಹೋದ ವರ್ಷ ಮೇಲಿನ ನೀರಿನ ಟ್ಯಾಂಕು ಸೋರಿ ಕಪಾಟಿಗೆ ನೀರು ಇಳಿಯಿತು. ಪುಸ್ತಕದ ಕೊನೆಯ ಮೂವತ್ತು ಹಾಡುಗಳು ದೋಸೆ ಹಿಟ್ಟಾದವು. ಸುಂದರಮ್ಮನಿಗೆ ಈಗ ಎಂಬತ್ತಮೂರು. ಕಣ್ಣು ಮಂಜು, ನೆನಪು ಒಂದು ದಿನ ಬರುತ್ತದೆ, ಒಂದು ದಿನ ರಜೆ. ನೆನಪು ಬಂದ ದಿನಗಳಲ್ಲಿ ಅವರು ಒಂದೊಂದಾಗಿ ಹೇಳುತ್ತಾ ಹೋದರು, ನಾನು ಒಂದು ಬೆರಳಿನಲ್ಲಿ ಟೈಪ್ ಮಾಡುತ್ತಾ ಹೋದೆ. ಏಳು ತಿಂಗಳು ಹಿಡಿಯಿತು. ಆ ಮೂವತ್ತು ಹಾಡುಗಳು ಲೋಕದಲ್ಲಿ ಇನ್ನೆಲ್ಲಿಯೂ ಇಲ್ಲ. ಮಂಡಳಿಯ ವಾರ್ಷಿಕೋತ್ಸವದ ಶನಿವಾರ ಅವಷ್ಟನ್ನೂ ಒಮ್ಮೆ ಕೇಳಬೇಕು ಎಂಬುದು ಸುಂದರಮ್ಮನ ಆಸೆ. "ಕೇಳಿಸ್ತೀಯಲ್ಲ?" ಎಂದು ನನ್ನ ಕೈ ಹಿಡಿದು ಕೇಳಿದ್ದರು. "ಅದಕ್ಕೇನಮ್ಮ" ಎಂದಿದ್ದೆ.

ಹಾಡುಗಳನ್ನು ಕ್ಲೌಡಿಗೆ ಏರಿಸಿಕೊಟ್ಟವಳು ನನ್ನ ತಮ್ಮನ ಮಗಳು ಶಿಲ್ಪಾ. ಕಾಂದಿವಲಿಯಲ್ಲಿ ಇರುತ್ತಾಳೆ, ಇಂಥದೇ ಕೆಲಸ. ಕನ್ನಡ ಅರ್ಥವಾಗುತ್ತದೆ, ಆಡುವಾಗ ಮಾತ್ರ ಲೋಕಲ್ ರೈಲಿನ ಹಾಗೆ ನಡುನಡುವೆ ನಿಲ್ಲುತ್ತಾಳೆ.

"ಅತ್ತೇ, ಇದು ಡೇಟಾಬೇಸ್. ಒಳಗೆ ಹೋಗಲಿಕ್ಕೆ ಟೋಕನ್ ಬೇಕು. ಚಾವಿ ಸಮ್ಜೋ, ಬೀಗದ ಕೈ" ಎಂದು ಒಂದು ಉದ್ದನೆಯ ಅಕ್ಷರಮಾಲೆ ತೋರಿಸಿದಳು. ಅದರಲ್ಲಿ ಅರ್ಥವಾಗುವ ಒಂದು ಅಕ್ಷರವೂ ಇರಲಿಲ್ಲ. ಬೀಜಮಂತ್ರದಂತಿತ್ತು. ನಾನು ಕಣ್ಣಿಗೊತ್ತಿಕೊಂಡೆ.

"ಟೋಕನ್ ಮಾಡುವಾಗ ನಾಲ್ಕು ಟಿಕ್ ಇರ್ತದೆ. ಓದೋದು, ಸೇರಿಸೋದು, ಬದಲಾಯಿಸೋದು, ಅಳಿಸೋದು. ಮಂಡಳಿಯ ಆಂಟೀ ಲೋಗ್‌ಗೆ ಓದೋದು ಮಾತ್ರ. ನಾಲ್ಕೂ ಟಿಕ್ ಇರೋ ಫುಲ್ ವಾಲಾ ಸಿರ್ಫ್ ನಿಮಗೆ. ಯಾರಿಗೂ ಕೊಡಬೇಡಿ, ಪಕ್ಕಾ?"

"ಪಕ್ಕಾ" ಎಂದೆ.

ಮಾರನೆಯ ಗುರುವಾರ ಭಜನೆ ಮುಗಿದ ಮೇಲೆ ಎಲ್ಲರಿಗೂ ಅರಿಶಿನ ಕುಂಕುಮ ಕೊಟ್ಟು, ಜೊತೆಗೇ ಟೋಕನ್ ಕೊಡುವುದೆಂದು ನಿಶ್ಚಯಿಸಿದೆ. ಶುಭಕಾರ್ಯವಲ್ಲವೇ! ಫೋನು ತೆರೆದು ಕುಳಿತೆ. ಮಂಗಳೂರು ಕಡೆಯ ಜಲಜಕ್ಕ ಹೆಗಲ ಮೇಲಿಂದ ಇಣುಕಿದರು.

"ಎಂತದು ಸರೋಜಮ್ಮ, ನಮಗೆ ಒಂದೇ ಟಿಕ್ಕಾ? ನಿಮ್ಮದ್ರಲ್ಲಿ ನಾಲ್ಕು ಉಂಟಲ್ಲ?"

"ಅದು ಹಾಗಲ್ಲ ಜಲಜಕ್ಕ, ಶಿಲ್ಪಾ ಹೇಳಿದ್ದು..."

ಅಷ್ಟರಲ್ಲಿ ಧಾರವಾಡದ ಶಾಂತಕ್ಕ ತಾಂಬೂಲದ ತಟ್ಟೆಯನ್ನು ನಿಧಾನವಾಗಿ ಕೆಳಗಿಟ್ಟರು. "ಇರ್ಲಿ ಬಿಡ್ರಿ. ನಾವು ಓದಾಕಷ್ಟಽ ಲಾಯಕ್ಕು. ಮೂವತ್ತು ವರ್ಷ ಕೂಡಿ ಹಾಡೀವಿ, ಈಗ ನಮಗೊಂದು ಎಲಿ, ನಿಮಗೊಂದು ಎಲಿ!"

ಒಂದೇ ಪಂಕ್ತಿಯಲ್ಲಿ ಕುಳಿತವರಿಗೆ ಒಬ್ಬರಿಗೆ ಪಾಯಸ, ಇನ್ನೊಬ್ಬರಿಗೆ ಪಾಯಸದ ವಾಸನೆ! ಪಂಕ್ತಿಭೇದಕ್ಕಿಂತ ದೊಡ್ಡ ಪಾಪವಿದೆಯೇ? ನಮ್ಮತ್ತೆಯವರು ಸ್ವರ್ಗದಿಂದ ನೋಡುತ್ತಿರುತ್ತಾರೆ. ತಕ್ಷಣ ಎಲ್ಲರಿಗೂ ಒಂದೇ ಟೋಕನ್ ಮಾಡಿದೆ. ನಾಲ್ಕಕ್ಕೆ ನಾಲ್ಕೂ ಟಿಕ್! "ಇದು ಯಾವಾಗ ಮುಗಿಯಬೇಕು?" ಎಂದು ಫೋನು ಕೇಳಿತು. ಮುತ್ತೈದೆಯರ ಕೈಗೆ ಕೊಡುವ ವಸ್ತುವಿಗೆ ಮುಗಿಯುವ ದಿನ ಬರೆಯುವುದೇ? ಶಾಂತಂ ಪಾಪಂ! "ಎಂದೆಂದಿಗೂ ಇಲ್ಲ" ಎಂಬುದನ್ನು ಒತ್ತಿದೆ. ನನಗೊಬ್ಬಳಿಗೆ ಬೇರೆ ಏಕೆಂದು ನನ್ನ ಹಳೆಯ ಟೋಕನನ್ನೂ ಅಳಿಸಿ, ಎಲ್ಲರ ಜೊತೆ ಅದೇ ಎಲೆಗೆ ಕುಳಿತೆ. ಎಲ್ಲರ ಅನುಕೂಲಕ್ಕೆಂದು ಮಂಡಳಿಯ ವಾಟ್ಸಾಪ್ ಗುಂಪಿನಲ್ಲಿಯೂ ಹಾಕಿದೆ. ಆ ಗುಂಪಿನಲ್ಲಿ ಹೂವು ತರುವ ಮಲ್ಲಪ್ಪನೂ ಇದ್ದಾನೆ ಎಂಬುದು ನನಗೆ ಮರೆತಿತ್ತು.

ಸೋಮವಾರದಿಂದ ಪವಾಡಗಳು ಶುರುವಾದವು.

ಬಾಲಕೃಷ್ಣನಿಗೆ ಬೆಣ್ಣೆ ತಿನ್ನಿಸುವ ಒಂದು ಹಾಡಿದೆ. ಶಾಂತಕ್ಕನ ಪ್ರಕಾರ ಬೆಣ್ಣೆಯನ್ನು ಬರೀ ಬಾಯಲ್ಲಿ ಯಾರೂ ತಿನ್ನುವುದಿಲ್ಲ. ಹಾಗಾಗಿ ಸೋಮವಾರ ಅವನು ಸಜ್ಜೆ ರೊಟ್ಟಿಯ ಜೊತೆ ತಿಂದ. ಮಂಗಳವಾರ ಜಲಜಕ್ಕ ಎದ್ದು ನೋಡಿ, "ಅಷ್ಟು ಸಣ್ಣ ಮಗುವಿಗೆ ರೊಟ್ಟಿಯಾ? ಹಲ್ಲು ಬಂದಿಲ್ಲ ಮಾರಾಯ್ತಿ!" ಎಂದು ನೀರುದೋಸೆ ಕೊಟ್ಟರು. ಬುಧವಾರ ಇಬ್ಬರಲ್ಲಿ ಯಾರೋ ಸಿಟ್ಟಿನಿಂದ ಆ ಸಾಲನ್ನೇ ಅಳಿಸಿದರು. ಮಗು ಉಪವಾಸ!

ಗುರುವಾರ ಅಭ್ಯಾಸಕ್ಕೆ ಕೂತೆವು. ಸುಂದರಮ್ಮ ಎಂದಿನಂತೆ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದರು. ದೇವಿಯ ಹಾಡು ಬಂತು. ಎಲ್ಲರೂ ಫೋನು ನೋಡುತ್ತಾ, ತಾಳ ಹಾಕುತ್ತಾ, ಎದೆ ತುಂಬಿ ಹಾಡಿದೆವು:

"ಮಲ್ಲಿಗಿ ಇಲ್ಲ ತಾಯಿ, ಸೇವಂತಿಗಿ ನಡೀತದೇನು?"

ಎರಡು ಸಲ ಹಾಡಿದೆವು. ಮೂರನೆಯ ಸಲ ಸ್ವಲ್ಪ ಎಳೆದು, ಆಲಾಪ ಮಾಡಿ ಹಾಡಿದೆವು. ಸುಂದರಮ್ಮನ ಕಣ್ಣಿನಿಂದ ನೀರು ಇಳಿಯಿತು. "ಎಂಥಾ ಶರಣಾಗತಿ!" ಎಂದು ಕೈ ಮುಗಿದರು.

ಅಷ್ಟು ಹೊತ್ತಿಗೆ ನನಗೆ ಹೊಳೆದಿತ್ತು. ಅದು ಹಾಡಲ್ಲ. ಮಲ್ಲಪ್ಪ ಶನಿವಾರದ ಹೂವಿನ ಬಗ್ಗೆ ಕೇಳಿದ ಪ್ರಶ್ನೆ! ಮೆಸೇಜು ಎಂದುಕೊಂಡು ಪಾಪ, ಮೂರನೇ ನುಡಿಯೊಳಗೆ ಬರೆದಿದ್ದ!

ಮನೆಗೆ ಬಂದು ನಮ್ಮವರಿಗೆ ಹೇಳಿದೆ. ಅವರು ಒಂದು ಕಂಪನಿಯಲ್ಲಿ ಮೂವತ್ತು ವರ್ಷ ಸ್ಟೋರ್ಸ್ ನೋಡಿಕೊಂಡು ನಿವೃತ್ತರಾದವರು. ಅವರ ಸಹಿ ಇಲ್ಲದೆ ಅಲ್ಲಿ ಒಂದು ಸ್ಕ್ರೂ ಗೇಟು ದಾಟಿರಲಿಲ್ಲ.

"ಗೇಟ್ ಪಾಸ್ ಕೊಡೋವಾಗ ಮೂರು ಮಾತು ಕೇಳ್ಬೇಕು ಕಣೇ. ಯಾರಿಗೆ, ಯಾಕೆ, ಎಲ್ಲಿವರೆಗೆ? ನೀನು ಗೋಡೌನಿನ ಬೀಗದ ಕೈನೇ ಕಲ್ಲುಸಕ್ಕರೆ ಹಾಗೆ ಹಂಚಿದೀಯಲ್ಲ!"

"ಮೊಳೆಗೆ ನೇತು ಹಾಕಿದ್ದಾಗ ಏನೂ ಆಗಿರಲಿಲ್ಲ" ಎಂದೆ.

"ಆಗ ಕಪಾಟಿನ ಮುಂದೆ ಜಲಜಕ್ಕ ಕೂತಿರ್ತಿದ್ರು. ಈಗ ಯಾರು ಕೂತಿದಾರೆ? ಮೊದಲು ಆ ಟೋಕನ್ ರದ್ದು ಮಾಡು."

ಶುಕ್ರವಾರ ಪೂಜೆ ಮುಗಿಸಿ, ದೇವರನ್ನು ನೆನೆದು, ರದ್ದು ಮಾಡಿದೆ. ಒಂದು ಕ್ಷಣ ಮನಸ್ಸಿಗೆ ನೆಮ್ಮದಿಯಾಯಿತು. ಹಾಡಿನ ಪುಟ ತೆರೆದೆ.

"ಒಟ್ಟು ಹಾಡುಗಳು: ಸೊನ್ನೆ."

ಕಣ್ಣು ಉಜ್ಜಿ ನೋಡಿದೆ. ಸೊನ್ನೆಯೇ! ಫೋನು ಆರಿಸಿ ಹಚ್ಚಿದೆ. ವಿಭೂತಿ ಹಚ್ಚಿದೆ. ಸೊನ್ನೆ ಕದಲಲಿಲ್ಲ. ಮೂವತ್ತು ಹಾಡು, ಏಳು ತಿಂಗಳು, ಸುಂದರಮ್ಮನ ನೆನಪು ಬಂದ ದಿನಗಳೆಲ್ಲ ಒಂದು ಬೆರಳಿಗೆ ಹೋದವು. ಅದೂ ಟೈಪ್ ಮಾಡಿದ ಅದೇ ಬೆರಳು.

ಶಿಲ್ಪಾ ಫೋನು ಎತ್ತಲಿಲ್ಲ. ಚಪ್ಪಲಿ ಮೆಟ್ಟಿ ಸ್ಟೇಷನ್ನಿಗೆ ಓಡಿದೆ. ಹಾರ್ಬರ್ ಲೈನಿನಲ್ಲಿ ಕೂತು, ಅಂಧೇರಿಯಲ್ಲಿ ಗಾಡಿ ಬದಲಿಸಿ ಕಾಂದಿವಲಿಗೆ ಹೊರಟೆ. ದಾರಿಯುದ್ದಕ್ಕೂ ಸುಂದರಮ್ಮನೇ ಕಣ್ಣ ಮುಂದೆ. ಹಿಂದೆ ನಾವಿಬ್ಬರೂ ಇದೇ ಲೈನಿನಲ್ಲಿ ಯಾರದೋ ಮನೆಯ ಭಜನೆಗೆ ಹೋಗುತ್ತಿದ್ದಾಗ, ಲೇಡೀಸ್ ಡಬ್ಬಿಯಲ್ಲಿ ನಿಂತೇ ಅವರು ಹೊಸ ಹಾಡು ಹೇಳಿಕೊಡುವರು. ಒಂದು ಕೈಯಲ್ಲಿ ಮೇಲಿನ ಹಿಡಿ, ಇನ್ನೊಂದು ಕೈಯಿಂದ ನನ್ನ ಹೆಗಲ ಮೇಲೆ ತಾಳ. ಸುತ್ತಲಿನ ಮೀನಿನ ಬುಟ್ಟಿಯವರೂ ತಲೆದೂಗುವರು. ಆ ಹಾಡುಗಳಲ್ಲಿ ಎರಡೋ ಮೂರೋ ನನಗೆ ಬಾಯಿಗೆ ಬರುತ್ತವೆ. ಉಳಿದವಕ್ಕೆ ಪುಸ್ತಕವಿದೆಯಲ್ಲ ಎಂದುಕೊಂಡಿದ್ದೆ. ಆಮೇಲೆ ಕ್ಲೌಡಿದೆಯಲ್ಲ ಎಂದುಕೊಂಡೆ. ತಲೆಯಲ್ಲಿ ಇಟ್ಟುಕೊಳ್ಳುವುದೊಂದು ಬಿಟ್ಟು ಎಲ್ಲ ಮಾಡಿದ್ದೆ. ಜೋಗೇಶ್ವರಿ ಬರುವ ಹೊತ್ತಿಗೆ ದೇವರಿಗೆ ಐದು ತೆಂಗಿನಕಾಯಿ ಹರಕೆ ಹೊತ್ತೆ. ಮಲಾಡಿನಲ್ಲಿ ಅದು ಹನ್ನೊಂದಾಯಿತು.

ಶಿಲ್ಪಾ ಬಾಗಿಲು ತೆಗೆದಳು. ಮನೆಯಿಂದಲೇ ಆಫೀಸಿನ ಮೀಟಿಂಗಿನಲ್ಲಿದ್ದಳಂತೆ. ನಾನು ಅಳುತ್ತಾ ಹೇಳಿದ್ದನ್ನೆಲ್ಲ ಕೇಳಿ, ಕಂಪ್ಯೂಟರಿನಲ್ಲಿ ಏನೇನೋ ಒತ್ತಿದಳು.

"ಅತ್ತೇ, ಟೆನ್ಶನ್ ಮತ್ ಲೋ. ಡೇಟಾ ಪೂರಾ ಇದೆ. ನೀವು ಎಲ್ಲರ ಚಾವಿ ಕ್ಯಾನ್ಸಲ್ ಮಾಡಿದ್ರಿ, ನಿಮ್ದೂ ಅದೇ ಚಾವಿ. ಬಾಗಿಲು ಬಂದ್, ಬಸ್! ಮನೆ ಎಲ್ಲಿ ಹೋಗ್ತದೆ?"

"ಮತ್ತೆ ರೊಟ್ಟಿ, ನೀರುದೋಸೆ?"

"ಯಾವ ನೀರುದೋಸೆ?"

ಎಲ್ಲ ಬಿಡಿಸಿ ಹೇಳಿದೆ. ಅವಳು ಮೇಜಿನ ಮೇಲೆ ತಲೆಯಿಟ್ಟು ನಕ್ಕಳು. ನಕ್ಕು ಮುಗಿದ ಮೇಲೆ ಡೇಟಾಬೇಸನ್ನು ನಾನು ಅರಿಶಿನ ಕುಂಕುಮ ಕೊಡುವ ಹಿಂದಿನ ದಿನಕ್ಕೆ ವಾಪಸು ಒಯ್ದಳು. ಹಾಗೂ ಮಾಡಬಹುದಂತೆ! ಸುಂದರಮ್ಮ ಹೇಳಿದ್ದು ಹೇಳಿದ ಹಾಗೆಯೇ ಬಂತು. ಬಾಲಕೃಷ್ಣ ಬರೀ ಬೆಣ್ಣೆ ತಿನ್ನುತ್ತಾ ಕುಳಿತಿದ್ದ. ಅವನನ್ನು ನೋಡಿ ನನಗೆ ಎಂದೂ ಅಷ್ಟು ಸಂತೋಷವಾಗಿರಲಿಲ್ಲ.

ಬಳಿಕ ಶಿಲ್ಪಾ ಹೊಸ ಟೋಕನ್‌ಗಳನ್ನು ಮಾಡಿದಳು. ಆಂಟಿಯರಿಗೆಲ್ಲ ಒಂದೊಂದು ಟಿಕ್. ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ.

"ನಿಮಗೂ ಓದೋದು ಮಾತ್ರ, ಅತ್ತೇ. ಫುಲ್ ವಾಲಾ ಮಾವನ ಫೋನಿನಲ್ಲಿ."

ಪಂಕ್ತಿಭೇದ ಸಂಪೂರ್ಣ ನಿವಾರಣೆಯಾಯಿತು!

ಶನಿವಾರ ಮೂವತ್ತು ಹಾಡನ್ನೂ ಹಾಡಿದೆವು. ಜಲಜಕ್ಕ, ಶಾಂತಕ್ಕ ಪಕ್ಕಪಕ್ಕ ಕೂತಿದ್ದರು. ಬೆಣ್ಣೆಯ ಸಾಲು ಬಂದಾಗ ಇಬ್ಬರೂ ಒಮ್ಮೆ ಕೆಮ್ಮಿದರು, ಅಷ್ಟೇ. ಸುಂದರಮ್ಮನ ತುಟಿ ಪ್ರತಿ ಸಾಲಿಗೂ ನಮಗಿಂತ ಒಂದು ಅಕ್ಷರ ಮುಂದೆ ಅಲ್ಲಾಡುತ್ತಿತ್ತು. ದೇವರು ಆ ದಿನ ಅವರ ನೆನಪಿಗೆ ರಜೆ ಕೊಟ್ಟಿರಲಿಲ್ಲ. ಹಾಡುತ್ತಾ ಹಾಡುತ್ತಾ ಅವರ ಕೈ ನನ್ನ ಹೆಗಲಿಗೆ ಬಂದು ತಾಳ ಹಾಕತೊಡಗಿತು. ಹನ್ನೊಂದು ತೆಂಗಿನಕಾಯಿ ಕಡಿಮೆಯಾಯಿತೇನೋ ಎನಿಸಿತು.

ಮಂಗಳಾರತಿಯಾದ ಮೇಲೆ ಅವರು ನನ್ನನ್ನು ಹತ್ತಿರ ಕರೆದರು.

"ಎಲ್ಲ ಬಂತು ಕಣೇ. ಆದರೆ ಆ ಸೇವಂತಿಗೆ ಸಾಲು ಯಾಕೆ ಬಿಟ್ರಿ? ಎಷ್ಟು ಚೆನ್ನಾಗಿತ್ತು! ನಮ್ಮಮ್ಮ ಅದನ್ನ ಹಾಡ್ತಿದ್ದಳು."

ಹೂವಿನ ಬುಟ್ಟಿ ಎತ್ತುತ್ತಿದ್ದ ಮಲ್ಲಪ್ಪ ಅಲ್ಲೇ ನಿಂತ.

"ಸೇರಿಸಿ ಮಾರಾಯ್ತಿ, ಎಂತ ಆಗ್ತದೆ" ಎಂದು ಜಲಜಕ್ಕ ಪಿಸುಗುಟ್ಟಿದರು. "ಸೇರಸ್ರಿ, ಹಿರೇರು ಹೇಳ್ಯಾರ" ಎಂದರು ಶಾಂತಕ್ಕ. ಆ ವಾರದಲ್ಲಿ ಇಬ್ಬರೂ ಒಪ್ಪಿದ ಮೊದಲ ತಿದ್ದುಪಡಿ ಅದು.

ಫೋನು ತೆಗೆದೆ. ನನ್ನ ಒಂಟಿ ಟಿಕ್ ನನ್ನನ್ನೇ ನೋಡಿತು. ಮನೆಗೆ ಹೋಗಿ ನಮ್ಮವರನ್ನು ಕೇಳಿದೆ. ಅವರು ಕನ್ನಡಕ ಏರಿಸಿ, "ಲಿಖಿತ ಅರ್ಜಿ ಕೊಡು. ಎರಡು ಪ್ರತಿ" ಎಂದರು.

ಕೊಟ್ಟೆ. ಮೂರು ದಿನವಾದ ಮೇಲೆ ಒಂದು ಪ್ರತಿ ವಾಪಸು ಬಂತು. ಅಂಚಿನಲ್ಲಿ ಅವರ ಹಳೇ ಸ್ಟೋರ್ಸಿನ ಕೆಂಪು ಪೆನ್ಸಿಲಿನಲ್ಲಿ ಬರೆದಿತ್ತು: "ಅರ್ಜಿದಾರರ ಹಿಂದಿನ ನಡತೆ ಪರಿಶೀಲನೆಯಲ್ಲಿದೆ."

ಓದಿಕೊಂಡೆ. ಓದುವ ಅನುಮತಿಯಾದರೂ ಉಳಿದಿದೆಯಲ್ಲ, ದೇವರು ದೊಡ್ಡವನು!