ಎಡಕ್ಕೂ ಎಂಟು, ಬಲಕ್ಕೂ ಎಂಟು

ಈ ಭಾನುವಾರ ಸಂಜೆಯೊಳಗೆ ನನ್ನ ರೇಟಿಂಗು ಸಾವಿರ ದಾಟದಿದ್ದರೆ ಇನ್ನು ತಕ್ಕಡಿಯನ್ನೇ ಮುಟ್ಟುವುದಿಲ್ಲ ಎಂದು ಹೆಂಡತಿಯೆದುರು ಘೋಷಿಸಿದೆ. ನಾನು ತೂಕದ ಯಂತ್ರಗಳ ರಿಪೇರಿಯವನು. ಪೇಟೆಯ ತಕ್ಕಡಿಗಳೆಲ್ಲ ನನ್ನ ಮಾತು ಕೇಳುತ್ತವೆ. ಕೇಳದವಕ್ಕೆ ‘ತೂಕ ತಪ್ಪಿದೆ, ಬಳಸಬೇಡಿ’ ಎಂಬ ಕೆಂಪು ಚೀಟಿ ನೇತುಹಾಕಿ ಬರುತ್ತೇನೆ. ಅಂಥವನು ಫೋನಿನ ಕಾಳಗದಾಟದಲ್ಲಿ ಮೂರು ತಿಂಗಳಿಂದ 743ರಲ್ಲೇ ಬಿದ್ದುಕೊಂಡಿದ್ದೆ. ಆಟ ಸರೀಕರನ್ನೇ ಹುಡುಕಿ ಎದುರು ನಿಲ್ಲಿಸುತ್ತದೆ. ಗೆದ್ದರೆ ರೇಟಿಂಗು ಏರುತ್ತದೆ, ಸೋತರೆ ಇಳಿಯುತ್ತದೆ.

“ಸಾವಿರ ಆಮೇಲೆ ದಾಟಿ. ಫೋನು ಸತ್ತು ಬಿದ್ದಿದೆ, ಮೊದಲು ಚಾರ್ಜಿಗೆ ಹಾಕಿ,” ಅಂದಳು.

ಹಾಕಿ, ಮಗಳ ಟ್ಯಾಬ್ ಎತ್ತಿಕೊಂಡೆ. ಅವಳು ಈಜಲು ಹೋಗಿದ್ದಳು. ಅದರಲ್ಲೂ ಅದೇ ಆಟ. ತೆರೆದರೆ ನನ್ನ ವೀರನ ಮೈಮೇಲೆ ತೆಳು ಅಂಗಿ, ಬಲಗೈಯಲ್ಲೊಂದು ಚಾಕು, ಎಡಗೈ ಖಾಲಿ. ದೊಡ್ಡ ಪರದೆಯಲ್ಲಿ ಹೀಗೆ ಕಾಣುತ್ತಾನೇನೋ ಅಂದುಕೊಂಡೆ. ಮೇಲೆ 2034 ಅಂತಿತ್ತು. ಇಸವಿ ಇರಬೇಕು, ಕಥೆ ಮುಂದಿನ ಕಾಲದ್ದು ಎಂದು ತೀರ್ಮಾನಿಸಿದೆ.

ಆದರೆ ಒಂದು ಕೈ ಭಾರ, ಒಂದು ಕೈ ಖಾಲಿ! ಇಪ್ಪತ್ತು ವರ್ಷದ ಕಸುಬು ಇದನ್ನು ಹೇಗೆ ಸಹಿಸೀತು? ಚಾಕುವನ್ನು ಕರಗಿಸಿ, ಆಟದಲ್ಲಿ ಕೂಡಿಟ್ಟಿದ್ದ ಕಬ್ಬಿಣವನ್ನೆಲ್ಲ ಸೇರಿಸಿ ಬಲಕ್ಕೆ ಎಂಟು ಕಿಲೋ ಸುತ್ತಿಗೆ, ಎಡಕ್ಕೆ ಎಂಟು ಕಿಲೋ ಗುರಾಣಿ ಮಾಡಿಸಿದೆ. ನನ್ನ ಮನಸ್ಸಿನ ತಕ್ಕಡಿಯ ಮುಳ್ಳು ನಟ್ಟನಡುವೆ ನಿಂತಿತು.

ನಾನು ಸುತ್ತಿಗೆ ಎತ್ತುವಷ್ಟರಲ್ಲಿ ಎದುರಾಳಿ ನಾಲ್ಕು ಬಾರಿಸಿ, ಹಿಂದೆ ಸುತ್ತಿ ಬಂದು ಇನ್ನೆರಡು ಬಾರಿಸಿದ. 2018. ಮತ್ತೆ ಸೋತೆ. 2002. ಸೋತಾಗೆಲ್ಲ ಕಾಲ ಹಿಂದೆ ಸರಿಯುತ್ತಿತ್ತು. ನಾನು ಹುಟ್ಟಿದ ವರ್ಷ ದಾಟಿತು, ಅಪ್ಪ ಹುಟ್ಟಿದ್ದೂ ದಾಟಿತು. ಹನ್ನೊಂದನೇ ಸೋಲಿಗೆ 1858ಕ್ಕೆ ಬಂದು ನಿಂತಾಗ ಮಗಳು ಒದ್ದೆ ಕೂದಲಲ್ಲಿ ಒಳಗೆ ಬಂದಳು.

“ಅಪ್ಪಾ, ಅದು ನನ್ನ ಅಕೌಂಟು.”

“ಇರಲಿ ಪುಟ್ಟಿ, ಈಗ ಸರಿಯಾಗಿ ತೂಗಿದೆ ನೋಡು.”

ಅವಳು ನೋಡಿದಳು. ಮುಖದ ಬಣ್ಣ ಇಳಿಯಿತು. “ಆರು ಗಂಟೆಗೆ ಶಾಲೆಯ ತಂಡ ಆರಿಸ್ತಾರೆ. ರೇಟಿಂಗು ಎರಡು ಸಾವಿರ ಇದ್ದವರಿಗೆ ಮಾತ್ರ. ನನ್ನ ಚಾಕು ಎಲ್ಲಿ?”

“ಕರಗಿಸಿದೆ.”

“ಅದು ಹಗುರ ಅಂತಾನೇ ನಾನು ಗೆಲ್ತಿದ್ದೆ. ಈ ಆಟದಲ್ಲಿ ಭಾರ ಹೊತ್ತಷ್ಟೂ ನಿಧಾನ. ಅದೇ ಅದರ ಸಮತೋಲ.”

ಗಡಿಯಾರದಲ್ಲಿ ಮೂರೂವರೆ. ಆಟ ಕಲಿಯುವವರಿಗೆ ಪುಕ್ಕಟೆ ಕೊಡುವ ಮೊಂಡು ಚಾಕು ಹಿಡಿದು ಮಗಳು ಕೂತಳು. ನಾನು ಫ್ಯಾನು ತಿರುಗಿಸಿದೆ, ನೀರು ತಂದೆ, ಕೆಮ್ಮು ಬಂದರೆ ಹೊರಗೆ ಹೋಗಿ ಕೆಮ್ಮಿದೆ. ಗೆದ್ದಳು, ಸೋತಳು, ಎರಡು ಗೆದ್ದಳು. ಹೀಗೇ ಏರುತ್ತ ಹೋಗಿ ಆರಕ್ಕೆ ಐದು ನಿಮಿಷ ಇರುವಾಗ 1986. ಇನ್ನೊಂದೇ ಗೆಲುವು ಸಾಕು. ಎದುರಾಳಿಯೇ ಸಿಗಲೊಲ್ಲ.

ತ್ಯಾಗಕ್ಕೆ ಇದೇ ಹೊತ್ತೆನಿಸಿತು. “ಪುಟ್ಟಿ, ನಾನು ಫೋನಿಂದ ಎದುರು ಬರ್ತೀನಿ. ಸುಮ್ಮನೆ ನಿಲ್ತೀನಿ, ಹೊಡಿ.”

“ನಿನ್ನ ರೇಟಿಂಗು 743, ಅಪ್ಪ. ನಿನ್ನನ್ನ ಸೋಲಿಸಿದ್ರೆ ಸೊನ್ನೆ ಅಂಕ.”

“ಒಂದೂ ಕೊಡಲ್ವಾ?”

“ನಿನ್ನನ್ನ ಗೆಲ್ಲೋದನ್ನ ಗೆಲುವು ಅಂತಾನೇ ಲೆಕ್ಕ ಹಿಡಿಯಲ್ಲ.”

“ಆಟದವರಿಗೆ ಈಗ ಗೊತ್ತಾಯ್ತು,” ಅಂದಳು ಹೆಂಡತಿ. “ನಾನು ಮದುವೆಯಾದಾಗಿಂದ ನೋಡ್ತಿದೀನಿ.”

ಅಷ್ಟರಲ್ಲಿ ಎಲ್ಲಿಂದಲೋ ಒಬ್ಬ ಪುಣ್ಯಾತ್ಮ ಸಿಕ್ಕ. ಮೈತುಂಬ ಕವಚ, ಕೈಯಲ್ಲಿ ನನ್ನ ಸುತ್ತಿಗೆಗೇ ಅಣ್ಣನಂಥ ಸುತ್ತಿಗೆ. ಅವನು ಅದನ್ನು ಎತ್ತುವಷ್ಟರಲ್ಲಿ ಮಗಳು ಮೊಂಡು ಚಾಕುವಿನಲ್ಲೇ ಕೆಲಸ ಮುಗಿಸಿದಳು. 2002. ಆರಕ್ಕೆ ಇನ್ನೂ ಎರಡು ನಿಮಿಷ ಇತ್ತು.

ಅಮ್ಮ ಮಗಳು ತಬ್ಬಿಕೊಂಡರು. ನಾನೂ ಒಂದು ಹೆಜ್ಜೆ ಮುಂದಿಟ್ಟೆ, ಯಾರೂ ಜಾಗ ಬಿಡಲಿಲ್ಲ. ಸರಿ, ನನ್ನ ಸಾವಿರ ಇನ್ನೂ ಬಾಕಿಯಿದೆಯಲ್ಲ ಎಂದು ಫೋನಿಗೆ ಕೈ ಹಾಕಹೊರಟಾಗ ಬೆನ್ನಿಗೆ ಏನೋ ತಗುಲಿದಂತಾಯಿತು. ಗಮನ ಕೊಡಲಿಲ್ಲ. ಹೆಂಡತಿ ಹೇಳಿದಳೆಂದು ಮೊದಲು ಹಾಲು ತರಲು ಪೇಟೆಗೆ ಹೋಗಿ, ಕಂಡವರೆಲ್ಲ ಯಾಕೆ ನಗುತ್ತಿದ್ದಾರೆ ಎಂದುಕೊಳ್ಳುತ್ತ ಮನೆಗೆ ಬಂದೆ. ಅಂಗಿ ಕಳಚಿದಾಗ ಹಿಂದೆ ಕಾಲರಿಗೆ ನೇತುಹಾಕಿದ್ದ ನನ್ನದೇ ಕೆಂಪು ಚೀಟಿ ಸಿಕ್ಕಿತು: ‘ತೂಕ ತಪ್ಪಿದೆ, ಬಳಸಬೇಡಿ.’